ಹೀರಬೇಕು, ಅಂಟಬಾರದು

ಬೆಂಗಳೂರಿನ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲಿ ನಾನು ನರ್ಸಿಂಗ್ ಕೆಲಸ ಕಲಿತದ್ದು ಎಪ್ಪತ್ತರ ದಶಕದ ಕೊನೆಗೆ. ಆಗ ಡ್ರೆಸಿಂಗ್ ಪೊಟ್ಟಣದಲ್ಲಿ ಬರುತ್ತಿರಲಿಲ್ಲ, ವಾರ್ಡಿನಲ್ಲೇ ತಯಾರಾಗಬೇಕಿತ್ತು. ಸ್ಟೋರಿನಿಂದ ಗಾಜ್ ಬಟ್ಟೆಯ ತಾನು ಬರುತ್ತಿತ್ತು. ಮಧ್ಯಾಹ್ನ ರೋಗಿಗಳ ಊಟ ಮುಗಿದ ಮೇಲೆ ಉದ್ದ ಮೇಜಿನ ಸುತ್ತ ನಿಂತು ಕತ್ತರಿಸಿ ಮಡಚುತ್ತಿದ್ದೆವು. ಕತ್ತರಿಸಿದ ಅಂಚು ಯಾವತ್ತೂ ಮಡಿಕೆಯ ಒಳಗೇ ಇರಬೇಕು. ಹೊರಗೆ ಉಳಿದರೆ ಬಿಡಿ ಎಳೆ ಗಾಯಕ್ಕೆ ಸೇರಿ, ಮೇಲೆ ಚರ್ಮ ಕೂಡಿದರೂ ಒಳಗೆ ಕೀವು ಕಟ್ಟಬಹುದು. ತಮಿಳು, ದಖ್ಖನಿ, ಕನ್ನಡ ಮೂರನ್ನೂ ಬೆರೆಸಿ ಮಾತಾಡುತ್ತಿದ್ದ ನಮ್ಮ ಹಿರಿಯ ಸಿಸ್ಟರ್ ಪ್ರತಿ ಮಡಿಕೆಯನ್ನೂ ಕೊಡವಿ ನೋಡುತ್ತಿದ್ದರು. ಒಂದು ಎಳೆ ಉದುರಿದರೂ ಇಡೀ ಗುಡ್ಡೆ ಬಿಚ್ಚಿ ಮತ್ತೆ ಮಡಚಬೇಕು.

ಆ ಬಟ್ಟೆಯದು ಸಾದಾ ನೇಯ್ಗೆ, ಎಳೆಗಳ ನಡುವೆ ಬೆಳಕು ಕಾಣುವಷ್ಟು ಸಂದು. ಗುಣವೆಲ್ಲ ಆ ಸಂದಿನಲ್ಲೇ ಇತ್ತು. ದಟ್ಟವಾದರೆ ಮಂದ ರಸಿಕೆ ಮೇಲಿನ ಹತ್ತಿಗೆ ದಾಟದು. ತೀರ ವಿರಳವಾದರೆ ಹೊಸ ಮಾಂಸ ಬಟ್ಟೆಯ ಕಣ್ಣುಗಳೊಳಕ್ಕೆ ಬೆಳೆದು ಅದನ್ನೇ ಹಿಡಿದುಕೊಳ್ಳುತ್ತದೆ. ತಮಿಳುನಾಡಿನ ರಾಜಪಾಳ್ಯಂ ಬಳಿಯ ಛತ್ರಪಟ್ಟಿಯ ಮಗ್ಗಗಳು ಇಂಥ ಬಟ್ಟೆಗೇ ಹೆಸರಾದವು.

ಹತ್ತಿಯದು ಇನ್ನೊಂದು ಕಥೆ. ಗಿಡದಿಂದ ಬಿಡಿಸಿದ ಹತ್ತಿ ನೀರು ಕುಡಿಯುವುದೇ ಇಲ್ಲ. ಅದರ ಮೈಗೆ ಮೇಣದ ಪದರವಿದೆ. ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಆ ಮೇಣ ತೆಗೆದು, ಬ್ಲೀಚ್ ಮಾಡಿ, ತೊಳೆದು ಒಣಗಿಸಿದ ಮೇಲಷ್ಟೇ ಅದು ಹೀರುವ ಹತ್ತಿ. ನೀರಿಗೆ ಬಿಟ್ಟರೆ 10 ಸೆಕೆಂಡಿನೊಳಗೆ ಮುಳುಗಬೇಕು, ಒಂದು ಗ್ರಾಂ ಹತ್ತಿ ಕನಿಷ್ಠ 23 ಗ್ರಾಂ ನೀರು ಹಿಡಿಯಬೇಕು ಎನ್ನುವುದು ಔಷಧ ಸಂಹಿತೆಗಳ ಲೆಕ್ಕ. ಆಮೇಲೆ ನಾನು ಕೆಲಸ ಮಾಡಿದ ಒಂದು ಕಡೆ ಬಂದ ಹತ್ತಿಯನ್ನು ಬೇಸಿನ್ನಿಗೆ ಹಾಕಿದರೆ ತೇಲುತ್ತಲೇ ಇತ್ತು. ಅದನ್ನೇ ಕಟ್ಟಬೇಕಾಯಿತು. ರಸಿಕೆ ಪ್ಯಾಡಿನ ಪಕ್ಕದಿಂದ ಇಳಿದು ಹಾಸಿಗೆ ನೆನೆಯುತ್ತಿತ್ತು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಎರಡು ಪದರ ಗಾಜ್ ನಡುವೆ ಹತ್ತಿ ಇಟ್ಟ ದಪ್ಪ ಗ್ಯಾಮ್ಜಿ ಪ್ಯಾಡುಗಳನ್ನೂ ನಾವೇ ಮಾಡುತ್ತಿದ್ದೆವು. ಬರ್ಮಿಂಗ್‌ಹ್ಯಾಮಿನ ಸರ್ಜನ್ ಜೋಸೆಫ್ ಸ್ಯಾಂಪ್ಸನ್ ಗ್ಯಾಮ್ಜಿ 1880ರಲ್ಲಿ ಬಳಕೆಗೆ ತಂದ ಆ ವಿನ್ಯಾಸ ಸುಮಾರು ನೂರು ವರ್ಷವಾದರೂ ನಮ್ಮ ಮೇಜಿನ ಮೇಲೆ ಹಾಗೇ ಇತ್ತು. ಎಲ್ಲವನ್ನೂ ಡ್ರಮ್ಮಿಗೆ ತುಂಬಿ ಆಟೋಕ್ಲೇವಿಗೆ ಕಳಿಸಬೇಕು: 121 ಡಿಗ್ರಿ, 15 ಪೌಂಡ್ ಒತ್ತಡ. ಒತ್ತಿ ತುಂಬಿದರೆ ನಡುವಿನದಕ್ಕೆ ಹಬೆ ತಾಗದು, ಹಾಗಾಗಿ ಕಟ್ಟುಗಳ ಮಧ್ಯೆ ಬೆರಳು ಆಡುವಷ್ಟು ಜಾಗ ಬಿಡುತ್ತಿದ್ದೆವು. ಹಬೆ ಹೋಗಲು ತೆರೆದಿಟ್ಟ ಡ್ರಮ್ಮಿನ ಪಕ್ಕದ ಕಿಂಡಿಗಳನ್ನು, ಡ್ರಮ್ಮು ಹೊರಗೆ ತೆಗೆದ ತಕ್ಷಣ ಮುಚ್ಚಬೇಕು.

ಇಷ್ಟು ಶ್ರದ್ಧೆಯಿಂದ ಮಾಡಿದ ಆ ಬಟ್ಟೆಗೆ ಒಂದು ಕ್ರೂರ ಗುಣವಿತ್ತು. ಒಣಗಿದಾಗ ಗಾಯಕ್ಕೆ ಅಂಟಿಕೊಳ್ಳುತ್ತಿತ್ತು. ಹಳೇ ಮದ್ರಾಸ್ ರಸ್ತೆಯ ಆಚೀಚೆ ಆಗ ಕಾರ್ಖಾನೆಗಳ ಕಾಲ. ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್, ದೂರವಾಣಿನಗರದಲ್ಲಿ ಐಟಿಐ, ಸುತ್ತ ನೂರಾರು ಸಣ್ಣ ಶೆಡ್ಡುಗಳು. ಮೆಷಿನ್ನಿಗೆ ಕೈ ಕೊಟ್ಟವರು, ಬಿಸಿ ಲೋಹ ಬಿದ್ದವರು ಬರುತ್ತಿದ್ದರು. ಬೆಳಗಿನ ಡ್ರೆಸಿಂಗ್ ಟ್ರಾಲಿಯ ಸದ್ದು ಕೇಳಿದರೆ ಗಟ್ಟಿ ಗಂಡಸರೂ "ಸಿಸ್ಟರಮ್ಮಾ, ಮೆಲ್ಲಗೆ" ಅಂತ ಮುಖ ತಿರುಗಿಸುತ್ತಿದ್ದರು. ಬಟ್ಟೆಯ ಜೊತೆ ಹೊಸ ಮಾಂಸವೂ ಕಿತ್ತು ಬರುತ್ತಿತ್ತು, ರಕ್ತ ಜಿನುಗುತ್ತಿತ್ತು. ಗಾಯ ಒಣಗಿದರೇ ವಾಸಿ ಎಂದು ನಮಗೆ ಕಲಿಸಿದ್ದರು. ಆದರೆ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ 1962ರಲ್ಲೇ ಹಂದಿಗಳ ಮೇಲಿನ ಪ್ರಯೋಗದಿಂದ ಇದಕ್ಕೆ ವಿರುದ್ಧವಾದದ್ದನ್ನು ತೋರಿಸಿದ್ದರು: ಪಾಲಿಥೀನ್ ಹಾಳೆ ಮುಚ್ಚಿ ತೇವ ಉಳಿಸಿದ ಮೇಲುಗಾಯಕ್ಕೆ, ಗಾಳಿಗೆ ಬಿಟ್ಟದ್ದಕ್ಕಿಂತ ಸುಮಾರು ಎರಡು ಪಟ್ಟು ಬೇಗ ಚರ್ಮ ಹಬ್ಬುತ್ತದೆ. ಆ ಮಾತು ನಮ್ಮ ಟ್ರಾಲಿ ತಲುಪಲು ದಶಕಗಳೇ ಬೇಕಾದವು. ಆ ದಶಕಗಳಲ್ಲಿ ಎಷ್ಟು ಜನ ಹಲ್ಲು ಕಚ್ಚಿ ನೋವು ನುಂಗಿದರೋ!

ತೊಂಬತ್ತರ ದಶಕದ ಕೊನೆಯಲ್ಲಿ ಇಂದಿರಾನಗರದ ನರ್ಸಿಂಗ್ ಹೋಮಿಗೆ ಸೇರಿದಾಗ ಆಲ್ಜಿನೇಟ್ ಡ್ರೆಸಿಂಗನ್ನು ಮೊದಲ ಸಲ ಕೈಯಲ್ಲಿ ಹಿಡಿದೆ. ಕಡಲ ಪಾಚಿಯಿಂದ ತೆಗೆದ ನಾರು, ನೇಯ್ದದ್ದಲ್ಲ, ಹಾಸಿ ಒತ್ತಿದ್ದು. ನಾರಿನಲ್ಲಿರುವ ಕ್ಯಾಲ್ಸಿಯಂ ಬಿಟ್ಟುಕೊಟ್ಟು ರಸಿಕೆಯ ಸೋಡಿಯಂ ತೆಗೆದುಕೊಂಡು ಅದು ಗಂಜಿಯ ಕೆನೆಯಂತೆ ಲೋಳೆಯಾಗುತ್ತದೆ. ಮರುದಿನ ಸಲೈನ್ ಹಾಕಿ ತೊಳೆದರೆ ತಾನಾಗಿ ಜಾರಿತು. ರೋಗಿ "ಆಯ್ತಾ?" ಎಂದು ಕೇಳಿದರು. ಆ ಪ್ರಶ್ನೆ ಕೇಳಿ ನನ್ನ ಕಣ್ಣು ತುಂಬಿತು.

ಅಷ್ಟರಲ್ಲಿ ಗಾಯಗಳೂ ಬದಲಾಗುತ್ತಿದ್ದವು. 2002ರಲ್ಲಿ ಎನ್‌ಜಿಇಎಫ್ ಮುಚ್ಚಿತು. ಮೆಷಿನ್ ಗಾಯದವರು ಕಡಿಮೆಯಾಗಿ, ಸಕ್ಕರೆ ಕಾಯಿಲೆಯಿಂದ ಅಂಗಾಲು ಹುಣ್ಣಾದವರು ನನ್ನ ಮೇಜಿಗೆ ಹೆಚ್ಚು ಬರತೊಡಗಿದರು. ಎಷ್ಟೋ ಜನರಿಗೆ ಕಾಲಿನಲ್ಲಿ ನೋವೇ ತಿಳಿಯುವುದಿಲ್ಲ. ಹುಣ್ಣು ತಿಂಗಳುಗಟ್ಟಲೆ ಒಸರುತ್ತದೆ; ಹೆಚ್ಚು ನೆನೆದರೆ ಸುತ್ತಲಿನ ಚರ್ಮ ಬೆಳ್ಳಗೆ ಮೆತ್ತಗಾಗಿ ಕಳಚುತ್ತದೆ. ಇಂಥ ಕಾಲಿಗೆ ಬೇಕಾದ್ದು ರಸಿಕೆಯನ್ನು ಮೇಲಕ್ಕೆ ಎಳೆದು ತನ್ನೊಳಗೇ ಹಿಡಿದಿಟ್ಟುಕೊಂಡು, ಗಾಯದ ತಳದಲ್ಲಿ ತೇವ ಉಳಿಸುವ ಪ್ಯಾಡು. ಫೋಮ್ ಡ್ರೆಸಿಂಗ್ ಅದನ್ನು ಮಾಡುತ್ತದೆ, ಆದರೆ ರಸೆಲ್ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರು ಅದನ್ನು ತಿಂಗಳುಗಟ್ಟಲೆ ಕೊಳ್ಳಲಾರರು.

ಈಗ ಮಡಚುವ ಮೇಜು ಇಲ್ಲ. ಸ್ಟೆರೈಲ್ ಪೊಟ್ಟಣ ಹರಿದರೆ ಮುಗಿಯಿತು, ಬಳಸಿದ್ದು ಹಳದಿ ಚೀಲಕ್ಕೆ. ಅದು ಒಳ್ಳೆಯದೇ. ನಾನು ನಿವೃತ್ತಿಯಾದ ಮೇಲೂ, ಕೆ.ಆರ್. ಪುರದಲ್ಲಿ ಮನೆಗಳಿಗೆ ಹೋಗಿ ಡ್ರೆಸಿಂಗ್ ಮಾಡುವ ಹುಡುಗಿಯರು ಫೋನ್ ಮಾಡಿ ಕೇಳುತ್ತಾರೆ: "ಅಮ್ಮಾ, ಇವರ ಕೈಲಿ ಗಾಜ್ ಬಿಟ್ಟು ಬೇರೆ ಕೊಳ್ಳೋಕಾಗಲ್ಲ, ಏನು ಮಾಡ್ಲಿ?" ನಾನು ಹೇಳುವುದಿಷ್ಟು. ಗಾಯಕ್ಕೆ ತಾಗುವ ಕಡೆ ಪ್ಯಾರಾಫಿನ್ ಗಾಜ್ ಒಂದೇ ಪದರ ಹಾಕು, ಅದರ ಮೇಲೆ ಸಾದಾ ಗಾಜ್ ಪ್ಯಾಡು ಇಡು. ಬಿಚ್ಚುವಾಗ ಅಂಟಿದ್ದರೆ ಸಲೈನ್ ಸುರಿದು ಕಾಯಿ, ಎಳೆಯಬೇಡ. ಬಿಚ್ಚಿದ ಪ್ಯಾಡನ್ನು ಚೀಲಕ್ಕೆ ಹಾಕುವ ಮುಂಚೆ ನೋಡು: ನಿನ್ನೆಗಿಂತ ಹೆಚ್ಚು ನೆನೆದಿದೆಯೇ, ಬಣ್ಣ ಬದಲಾಗಿದೆಯೇ, ವಾಸನೆ ಇದೆಯೇ? ಇವುಗಳಲ್ಲಿ ಒಂದಿದ್ದರೂ ಅವತ್ತೇ ಡಾಕ್ಟರ ಹತ್ತಿರ ಕಳಿಸು.