ಹಳೆಯ ಕಾರಿಗೆ ಒಳ್ಳೆಯ ಟಯರು

ಹೊಸ ವಾಹನ ಮನೆಗೆ ಬಂದಾಗ ವಿಭೂತಿ ಹಚ್ಚಿ, ಹೂ ಏರಿಸಿ, ಕಾಯಿ ಒಡೆಯುವುದು ನಮ್ಮ ಮನೆತನಗಳಲ್ಲಿ ನಡೆದುಬಂದ ರೂಢಿ. ಆ ದಿನ ಗಾಲಿಗಳಿಗೂ ಪೂಜೆ ಸಲ್ಲುತ್ತದೆ. ಅನಂತರ ಸೀಟಿಗೆ ಹೊದಿಕೆ, ಬಣ್ಣಕ್ಕೆ ಹೊಳಪು ಎಂದು ನಾವು ಹಣ ವೆಚ್ಚ ಮಾಡುತ್ತೇವೆಯೇ ಹೊರತು ಗಾಲಿಗಳತ್ತ ಬಾಗಿ ನೋಡುವುದು ವಿರಳ. ಆದರೆ ಕಾರು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ; ಒಂದೊಂದು ಕಡೆಯೂ ಹೆಚ್ಚುಕಡಿಮೆ ಅಂಗೈ ಅಗಲದಷ್ಟು ಮಾತ್ರ. ಮನೆಮಂದಿಯ ಜೀವವೆಲ್ಲ ಆ ನಾಲ್ಕು ಅಂಗೈಗಳ ಮೇಲೆಯೇ ನಿಂತಿರುತ್ತದೆ.

ನಮ್ಮ ಮನೆಯಲ್ಲಿರುವುದು ಮಾರುತಿ 800. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ನಮ್ಮದು 2004ನೆಯ ಇಸವಿಯದು. ದೊಡ್ಡಪ್ಪನವರು ಬಳಸಿ ನಮಗೆ ಒಪ್ಪಿಸಿದ್ದು. ಎಂಜಿನ್ನು ಇನ್ನೂ ಗಟ್ಟಿ. ಆದರೆ ಧಾರವಾಡದಿಂದ ಕೂಡಲಸಂಗಮಕ್ಕೆ ಹೊರಟಾಗ ತಿರುವುಗಳಲ್ಲಿ ಓಲಾಡುವುದು, ಮಳೆಯಲ್ಲಿ ಬ್ರೇಕು ಒತ್ತಿದರೆ ಜಾರಿದಂತಾಗುವುದು ಕಂಡುಬಂದಿತು. ಹಿಂದಿನ ಸೀಟಿನಲ್ಲಿ ವೃದ್ಧರಾದ ತಾಯಿಯವರು, ಅವರ ಪಕ್ಕದಲ್ಲಿ ಮೊಮ್ಮಕ್ಕಳು. ಕಾರನ್ನು ಮಾರಿಬಿಡುವುದೇ ಲೇಸೆಂಬ ಮಾತೂ ಮನೆಯಲ್ಲಿ ಬಂದಿತು.

ನಮ್ಮ ಮೆಕ್ಯಾನಿಕ್ ಮೊದಲು ಬಾಲ್ ಜಾಯಿಂಟು, ಬುಶ್ಶು, ಶಾಕ್ ಅಬ್ಸಾರ್ಬರುಗಳನ್ನು ಪರೀಕ್ಷಿಸಿದರು. ಇವು ಸಡಿಲವಾಗಿದ್ದರೆ ಎಂತಹ ಟಯರೂ ಪ್ರಯೋಜನಕ್ಕೆ ಬಾರದು. ಅವು ಸರಿಯಾಗಿದ್ದವು. ಬಳಿಕ ಅವರು ಟಯರಿನ ಪಕ್ಕದಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿಗಳನ್ನು ತೋರಿಸಿದರು: 3412. ಎಂದರೆ 2012ರ 34ನೆಯ ವಾರದಲ್ಲಿ ತಯಾರಾದದ್ದು. ಗೀರುಗಳು ಇನ್ನೂ ಆಳವಾಗಿಯೇ ಇದ್ದವು. ಕಾರು ಓಡಿದ್ದು ಕಡಿಮೆ. ಆದರೆ ರಬ್ಬರು ಬಿಸಿಲಿಗೂ ಗಾಳಿಗೂ ಒಣಗಿ ಗಡುಸಾಗಿತ್ತು. ಗಡುಸಾದ ರಬ್ಬರು ಒದ್ದೆ ರಸ್ತೆಯನ್ನು ಹಿಡಿಯಲಾರದು. ಗೀರು 1.6 ಮಿಲಿಮೀಟರಿಗೆ ಸವೆದಾಗ ಟಯರು ಬದಲಿಸಬೇಕೆಂಬುದನ್ನು ಹಲವರು ಬಲ್ಲರು. ಸವೆಯದ ಟಯರಿಗೂ ಮುಪ್ಪು ಬರುತ್ತದೆಂಬುದನ್ನು ಬಲ್ಲವರು ಕಡಿಮೆ. ಐದು ವರ್ಷ ತುಂಬಿದ ಟಯರನ್ನು ವರ್ಷಕ್ಕೊಮ್ಮೆ ತೋರಿಸುವುದು, ಹತ್ತು ತುಂಬಿದ್ದನ್ನು ಬದಲಿಸಿಬಿಡುವುದು ಕ್ಷೇಮ.

ಕೊಳ್ಳುವಾಗ ಅಗಲವಾದ ಟಯರು ಹಾಕಿಸಿದರೆ ಕಾರು ಭದ್ರವೆಂದು ಕೆಲವರು ಸಲಹೆಯಿತ್ತರು. ನಾವು ಒಪ್ಪಲಿಲ್ಲ. ನಮ್ಮ ಕಾರಿನದು 145/70 ಆರ್ 12. 145 ಎಂಬುದು ಮಿಲಿಮೀಟರುಗಳಲ್ಲಿ ಅಗಲ; 70 ಎಂದರೆ ಪಕ್ಕದ ಎತ್ತರ ಆ ಅಗಲದ ನೂರಕ್ಕೆ ಎಪ್ಪತ್ತು ಭಾಗ; ಆರ್ ಎಂದರೆ ರೇಡಿಯಲ್; 12 ಎಂಬುದು ಇಂಚುಗಳಲ್ಲಿ ರಿಮ್ಮಿನ ವ್ಯಾಸ. ಹಗುರವಾದ ಕಾರಿಗೆ ಅಗಲದ ಟಯರು ಹಾಕಿದರೆ ಪವರ್ ಸ್ಟಿಯರಿಂಗ್ ಇಲ್ಲದ ಚಕ್ರ ತಿರುಗಿಸಲು ಭಾರವಾಗುತ್ತದೆ. ನಿಂತ ನೀರಿನ ಮೇಲೆ ತೇಲುವ ಸಂಭವವೂ ಹೆಚ್ಚು. ತಯಾರಕರು ಹೇಳಿದ ಅಳತೆಯದೇ ಒಂದೇ ಜಾತಿಯ ನಾಲ್ಕು ಟಯರುಗಳನ್ನು, ಐಎಸ್‌ಐ ಗುರುತನ್ನೂ ತಯಾರಿಕೆಯ ವಾರವನ್ನೂ ನೋಡಿ ಕೊಂಡೆವು. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿಸಿದೆವು. ಕಾರು ಈಗ ತಿರುವಿನಲ್ಲಿ ಹೇಳಿದ ಮಾತು ಕೇಳುತ್ತದೆ. ಮಾರುವ ಮಾತು ಮನೆಯಲ್ಲಿ ಮತ್ತೆ ಬಂದಿಲ್ಲ.

ನಾಲ್ಕನ್ನೂ ಒಮ್ಮೆಲೇ ಕೊಳ್ಳಲು ಅನುಕೂಲವಿಲ್ಲದವರು ಎರಡನ್ನು ಕೊಂಡರೆ ಅವನ್ನು ಹಿಂದಿನ ಗಾಲಿಗಳಿಗೆ ಹಾಕಿಸಬೇಕು. ಎಂಜಿನ್ನು ಮುಂದಿನ ಗಾಲಿಗಳನ್ನು ತಿರುಗಿಸುವ ಕಾರಿಗೂ ಇದೇ ನಿಯಮ. ಮುಂದಿನ ಗಾಲಿ ಜಾರಿದರೆ ವೇಗ ತಗ್ಗಿಸಿ ಸಂಬಾಳಿಸಬಹುದು. ಹಿಂದಿನವು ಜಾರಿದರೆ ಕಾರೇ ಗಿರ್ರನೆ ತಿರುಗಿಬಿಡುತ್ತದೆ. ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ, ಟಯರು ತಣ್ಣಗಿರುವಾಗಲೇ ನೋಡಿಸಬೇಕು, ಸ್ಟೆಪ್ನಿಯನ್ನು ಮರೆಯಬಾರದು. ಟಯರಿನ ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚಾಗಿದೆ, ಎರಡೂ ಅಂಚು ಸವೆದಿದ್ದರೆ ಕಡಿಮೆಯಾಗಿದೆ, ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ ಎಂದು ತಿಳಿಯಬೇಕು.

ಶರಣರು ಕಾಯಕವನ್ನು ಬಾಳಿನ ನಡುವೆ ಇರಿಸಿದರು. ವಾಹನ ನಡೆಸುವುದೂ ಒಂದು ಕಾಯಕವೇ. ರಸ್ತೆಯಲ್ಲಿ ನಮ್ಮ ಮಕ್ಕಳಷ್ಟೇ ಅಲ್ಲ, ಎದುರಿಗೆ ಸೈಕಲ್ಲಿನಲ್ಲಿ ಬರುವವರ ಮಕ್ಕಳೂ ಇದ್ದಾರೆ. ಅವರ ಮೇಲಿನ ದಯೆ ಮಾತಿನಲ್ಲಿದ್ದರೆ ಸಾಲದು. ನಮ್ಮ ಗಾಲಿಯಲ್ಲಿಯೂ ಇರಬೇಕು. ಬಂಧುಗಳು ಮುಂದಿನ ಜಾತ್ರೆಗೆ ಹೊರಡುವ ಮುನ್ನ ಒಮ್ಮೆ ಬಾಗಿ ಆ ನಾಲ್ಕು ಅಂಕಿಗಳನ್ನು ಓದಬೇಕೆಂದು ನಮ್ಮ ವಿನಂತಿ.