ಮ್ಯಾಟಿನ ಕೆಳಗ ಏನಿತ್ತು



ಹದಿನೈದು ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಮೂರು ನಾಲ್ಕು ಮಂದಿ ಫೋನ್ ಮಾಡಿ "ಅಣ್ಣಾ, ಆರಾಮಿಲ್ಲೇನು?" ಅಂತ ಕೇಳಿದರು. ಆರಾಮಿದ್ದೀನಿ. ಬಲಗೈ ಹೆಬ್ಬೆರಳು ಸುಟ್ಟಿತ್ತು, ಟೈಪ್ ಮಾಡಲಿಕ್ಕೆ ಆಗ್ತಿರಲಿಲ್ಲ, ಅಷ್ಟೇ. ತಮ್ಮನ ಬೊಲೆರೊ ಪಿಕಪ್ಪಿನ ಹಿಂದಿನ ಬಾಡಿಯ ತಳದ ಪತ್ರಾ ನಾವೇ ಬಿಚ್ಚಿ ಹೊಸದು ಹಾಕಿದೆವು. ಆ ಕತೆ ಇದು. ಸ್ವಲ್ಪ ಉದ್ದ ಅದ, ಓದ್ರಿ.

ಶುರುವಾಗಿದ್ದು ದೊಡ್ಡವ್ವನ ಕಾಲಿನಿಂದ. ಸೋಯಾಬೀನ್ ಕಳೆ ತೆಗೆಯೋ ಕಾಲ. ಔರಾದ್ ತಾಲೂಕಿನ ನಮ್ಮ ಓಣಿಯ ಹೆಣ್ಣುಮಕ್ಕಳು ಬೆಳಿಗ್ಗೆ ಆರಕ್ಕೆಲ್ಲ ತಮ್ಮನ ಗಾಡಿ ಹತ್ತಿ ಕೂಲಿಗೆ ಹೋಗ್ತಾರ. ಮಾಲಿನ ಗಾಡಿಯಲ್ಲಿ ಮಂದಿ ಕೂಡಿಸೋದು ಕಾನೂನು ಪ್ರಕಾರ ತಪ್ಪು, ನನಗೂ ಗೊತ್ತು, ತಮ್ಮನಿಗೂ ಗೊತ್ತು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ ಆಯ್ತು, ಖುಷಿಪಟ್ಟೆವು. ಆದರ ಬಸ್ಸು ಹೊಲದ ಹಾದಿಗೆ ಬರೋದಿಲ್ಲ. ಏಪ್ರಿಲ್ 14ರ ಮೆರವಣಿಗೆಗೂ ಇದೇ ಗಾಡಿಯಲ್ಲಿ ನಾನೇ ಮಂದಿ ತುಂಬಿಕೊಂಡು ಬೀದರಿಗೆ ಹೋಗಿದ್ದೀನಿ. ಹಂಗಾಗಿ ತಮ್ಮನಿಗೆ ಬುದ್ಧಿ ಹೇಳೋ ಅಧಿಕಾರ ನನಗಿಲ್ಲ.

ಅವತ್ತು ದೊಡ್ಡವ್ವ ಗಾಡಿ ಹತ್ತಿ ಎರಡನೇ ಹೆಜ್ಜೆ ಇಟ್ಟಳು. ಮ್ಯಾಟ್ ಕುಸೀತು, ಕಾಲು ಮೊಣಕಾಲ ತನಕ ಕೆಳಗೆ ಹೋಯ್ತು. ಗಾಡಿ ನಿಂತಿತ್ತು. ಓಡೋ ಮುಂದ ಹಿಂಗಾಗಿದ್ದರ ಅಂತ ಈಗಲೂ ರಾತ್ರಿ ಎಚ್ಚರಾಗ್ತದ. ಮೀನಖಂಡಕ್ಕ ಎಂಟು ಹೊಲಿಗೆ, ಒಂದು ಟಿಟಿ ಸೂಜಿ, ಮೂರು ವಾರದ ಕೂಲಿ ಹೋಯ್ತು.

ಗಾಡಿ ಸೆಕೆಂಡ್ ಹ್ಯಾಂಡ್. ಸ್ವಾವಲಂಬಿ ಸಾರಥಿ ಯೋಜನೆಯಲ್ಲಿ ನಮ್ಮವರಿಗೆ ಶೇ. 75, ಹೆಚ್ಚೆಂದರೆ 4 ಲಕ್ಷ ಸಹಾಯಧನ ಸಿಗ್ತದ ಅಂತ ನಾನೇ ಊರೂರು ಹೇಳಿಕೊಂಡು ಬಂದವನು, ಆದರ ಅದಕ್ಕಿಂತ ಮೊದಲೇ ತಮ್ಮ ಸಾಲ ಮಾಡಿ ಇದನ್ನ ತಂದಿದ್ದ. ತಗೊಳ್ಳೋವಾಗ ಹಿಂದೆ ಕರಿ ರಬ್ಬರ್ ಮ್ಯಾಟ್ ಹೊಸದರಂಗ ಮಿಂಚ್ತಿತ್ತು. ಅದನ್ನ ಎತ್ತಿ ನೋಡಲಿಲ್ಲ. ನಾಲ್ಕು ವರ್ಷ ಯಾರೂ ಎತ್ತಲಿಲ್ಲ. ಈಗ ಎತ್ತಿದರ ಕೆಳಗ ಪತ್ರಾ ಇರಲೇ ಇಲ್ಲ ಅನ್ನಬೇಕು, ಹಪ್ಪಳದಂಗ ಪದರು ಪದರು ತುಕ್ಕು, ನಡುವೆ ಎರೆ ಮಣ್ಣಿನ ಹಸಿ ಕೆಸರು. ಅಡ್ಡ ಚಾನೆಲ್‌ಗಳಲ್ಲೂ ಎರಡು ಸ್ಕ್ರೂಡ್ರೈವರ್ ಚುಚ್ಚಿದರ ಒಳಗ ಹೋಗ್ತಿದ್ದವು.

ಭಾಲ್ಕಿಯ ಒಂದು ಬಾಡಿ ಗ್ಯಾರೇಜಿಗೆ ಹೋದೆವು. ಮಾಲೀಕ 32 ಸಾವಿರ ಅಂದ, ಎರಡು ವಾರ ಬಿಡಬೇಕು ಅಂದ. ಕಾಜಿನ ಮೇಲೆ ಬರೆಸಿದ್ದ ಜೈಭೀಮ್ ನೋಡಿದ, ತುಕ್ಕು ನೋಡಿದ, ಆಮೇಲೆ ನಕ್ಕೋತ ಕೇಳಿದ: "ಏನ್ ಹೇರ್ತೀರಿ ಇದರಾಗ, ತೊಗಲೇನು?"

ನಾನು ಸಿಟ್ಟಿಗೆದ್ದೆ. "ತೊಗಲಲ್ಲ, ನಿಮ್ಮ ಹೊಲದ ಗೊಬ್ಬರ" ಅಂದೆ. ತಮ್ಮ ನನ್ನ ತೋಳು ಹಿಡಿದು ಹೊರಗೆ ತಂದ. ವಾಪಸ್ ಬರೋವಾಗ ದಾರಿ ತುಂಬ ನಾನು ಒಬ್ಬನೇ ಮಾತಾಡಿದೆ, 1927ರ ಮಹಾಡ್ ತನಕ ಹೋದೆ, ಸತ್ತ ದನದ ಮಾಂಸ ಬಿಡ್ರಿ ಅಂತ ಬಾಬಾಸಾಹೇಬರು ಅಲ್ಲಿ ಹೇಳಿದ್ದನ್ನೆಲ್ಲ ಹೇಳಿದೆ. ತಮ್ಮ ಸುಮ್ಮನೆ ಗಾಡಿ ಹೊಡೀತಿದ್ದ. ಕಡೀಕೆ ಅಂದ: "ಅಣ್ಣಾ, ಅದೆಲ್ಲ ಖರೆ. ಈಗ ಪತ್ರಾ ಯಾರು ಹಾಕ್ತಾರ?"

ಅಕ್ಕನ ಮಗ ಹಾಕ್ತೀನಿ ಅಂದ. ಐಟಿಐಯಲ್ಲಿ ವೆಲ್ಡರ್ ಟ್ರೇಡ್ ಮಾಡಿದವನು, ಬಾಡಿಗೆ ಕೆಲಸಕ್ಕಂತ ಇನ್ವರ್ಟರ್ ವೆಲ್ಡಿಂಗ್ ಮಷೀನ್ ಇಟ್ಟುಕೊಂಡಿದ್ದಾನ. ನಾನು ಅವನಿಗೆ ಎಷ್ಟೋ ಸಲ "ಮುಂದ ಓದಪಾ, ಇಷ್ಟಕ್ಕೇ ನಿಲ್ಲಬ್ಯಾಡ" ಅಂದವನು. ಆ ಮೂರು ದಿನ ನಾನು ಅವನ ಹೆಲ್ಪರ್.

ಮಾಲಿಗೆ ಬೀದರಿಗೆ ಹೋದೆವು. ಅಂಗಡಿಯವರು ಜಿಐ ಪತ್ರಾ ತಗೋರಿ, ತುಕ್ಕು ಬರಂಗಿಲ್ಲ ಅಂದರು. ಅದರ ಮೇಲೆ ಸತುವಿನ ಲೇಪ ಇರ್ತದ. ಬೀದರಿನವರಿಗೆ ಸತುವಿನ ಕತೆ ಬ್ಯಾರೆ ಹೇಳಬೇಕಿಲ್ಲ, ನಮ್ಮ ಬಿದ್ರಿ ಸಾಮಾನಿನ ಮೈಯೇ ಸತು, ಜೊತೆಗೆ ಸ್ವಲ್ಪ ತಾಮ್ರ. ಆದರ ಅಳಿಯ ಬ್ಯಾಡ ಅಂದ. ಸತು ಹಚ್ಚಿದ ಪತ್ರಾಕ್ಕ ವೆಲ್ಡಿಂಗ್ ಹಚ್ಚಿದರ ಬಿಳಿ ಹೊಗೆ ಬರ್ತದ, ಕುಡಿದರ ರಾತ್ರಿ ಚಳಿಜ್ವರ. ಅವನ ಜೊತೆ ಕೆಲಸ ಮಾಡ್ತಿದ್ದ ಹುಡುಗರಿಗೆ ಬಂದಿತ್ತಂತ. ಕೊನೆಗೆ 3 ಎಂಎಂ ಚೆಕ್ಕರ್ ಪ್ಲೇಟ್, 8 ಬೈ 4ರವು ಎರಡು. ತಮ್ಮ 2 ಎಂಎಂ ಸಾಕು ಅಂತಿದ್ದ, ನಮ್ಮ ಬಾಡಿ ಅಳತೆಗೆ 3 ಹಾಕಿದರ 36 ಕೆಜಿ ಜಾಸ್ತಿ ಭಾರ, ಡೀಸೆಲ್ ಕುಡೀತದ ಅಂತ. ಅಳಿಯ "ದೊಡ್ಡಮ್ಮನ ಕಾಲು ನೋಡಿ ಮಾತಾಡು ಮಾಮಾ" ಅಂದ. ಅಲ್ಲಿಗೆ ಮುಗೀತು.

ಬಾಡಿ ಒಂಬತ್ತು ಅಡಿ ಉದ್ದ, ಐದೂವರೆ ಅಡಿ ಅಗಲ. ಎರಡೂ ಪ್ಲೇಟನ್ನ ಅಡ್ಡಡ್ಡ ಹಾಕಿದರ ಎಂಟು ಅಡಿ ಮುಚ್ತದ, ಒಂದಡಿ ಉಳೀತದ. ನಾನು ಮೂರನೇ ಪ್ಲೇಟ್ ತರಲಿಕ್ಕೆ ಹೊಂಟಿದ್ದೆ. ಅಳಿಯ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಹಾಕಿ ತೋರಿಸಿದ: ಅಗಲಕ್ಕ ಕತ್ತರಿಸಿದಾಗ ಉಳಿದ ಎರಡು ತುಂಡುಗಳಿಂದಲೇ ಆ ಒಂದಡಿ ಪಟ್ಟಿ ಆಗ್ತದ, ಒಂದರಿಂದ ನಾಲ್ಕಡಿ, ಇನ್ನೊಂದರಿಂದ ಒಂದೂವರೆ. ಆ ಜೋಡಣೆ ಕ್ಯಾಬಿನ್ ಕಡೆಗೆ ಇಟ್ಟರ ಮೂಟೆ ಎಳೆಯೋವಾಗ ತಾಕೋದಿಲ್ಲ.

ಬಿಚ್ಚೋದೇ ದೊಡ್ಡ ಕೆಲಸ. ಬೋಲ್ಟುಗಳಿಗೆ ರಾತ್ರಿಯೆಲ್ಲ ಡೀಸೆಲ್ ಬಿಟ್ಟು ನೆನೆಸಿದೆವು, ಅರ್ಧ ಬಂದವು, ಅರ್ಧ ಗ್ರೈಂಡರಿನಿಂದ ಕೊಯ್ಯಬೇಕಾಯ್ತು. ಮನೆಯಲ್ಲಿ ಮಾಡೋರು ಇದೊಂದು ನೆನಪಿಡ್ರಿ: ವೆಲ್ಡಿಂಗ್ ಮೊದಲು ಬ್ಯಾಟರಿಯ ಎರಡೂ ವಾಯರ್ ತೆಗೀಬೇಕು, ಇಲ್ಲದಿದ್ದರ ಗಾಡಿಯ ಎಲೆಕ್ಟ್ರಾನಿಕ್ಸ್ ಸುಡಬಹುದು. ಕೆಳಗೆ ಮಲಗಿ ಬ್ರೇಕ್ ಪೈಪ್, ಲೈಟಿನ ವಾಯರ್, ಡೀಸೆಲ್ ಟ್ಯಾಂಕ್ ಎಲ್ಲಿವೆ ನೋಡ್ಕೋಬೇಕು. ನಾವು ಟ್ಯಾಂಕಿನ ಮೇಲೆ ಹಸಿ ಗೋಣಿಚೀಲ ಹೊಚ್ಚಿದೆವು, ಎರಡು ಬಕೆಟ್ ನೀರು ಇಟ್ಟುಕೊಂಡೆವು. ಕೊಳೆತ ಚಾನೆಲ್ ಮೊದಲು ಬದಲಿಸಿ, ಕೆಳಮೈಗೆ ರೆಡ್ ಆಕ್ಸೈಡ್ ಹಚ್ಚಿದ ಮೇಲೆಯೇ ಪ್ಲೇಟ್ ಕೂಡಿಸಿದ್ದು. ಉದ್ದಕ್ಕೂ ಒಂದೇ ಎಳೆ ವೆಲ್ಡಿಂಗ್ ಎಳೆದರ ಕಾವಿಗೆ ಪ್ಲೇಟ್ ಸೊಟ್ಟ ಆಗ್ತದಂತ. ನಡುವಿನಿಂದ ಅಂಚಿಗೆ, ಅಲ್ಲೊಂದು ಇಂಚು ಇಲ್ಲೊಂದು ಇಂಚು, ಆರಿದ ಮೇಲೆ ಮತ್ತ. ಸಂಜೆ ಕರೆಂಟ್ ಡಿಮ್ ಆಗಿ ಕಡ್ಡಿ ಅಂಟ್ತಿತ್ತು, ರಾತ್ರಿ ಹತ್ತರ ತನಕ ಕಾಯ್ತಿದ್ದೆವು.

ಶ್ರಮದ ಬಗ್ಗೆ, ಕೈಕಸುಬಿನ ಬಗ್ಗೆ ಎಷ್ಟು ವೇದಿಕೆ ಮೇಲೆ ಮಾತಾಡಿದ್ದೀನೋ ಲೆಕ್ಕ ಇಲ್ಲ. ಗ್ರೈಂಡರ್ ಹೆಂಗ ಹಿಡೀಬೇಕು ಅಂತ ನನಗ ಗೊತ್ತಿರಲಿಲ್ಲ. ಕಿಡಿ ಎದಿ ಕಡೆ ಬರೋಹಂಗ ಹಿಡಿದಿದ್ದೆ. ಹುಡುಗ ಬೈಲಿಲ್ಲ, ಸುಮ್ಮನೆ ನನ್ನ ಭುಜ ಹಿಡಿದು ತಿರುಗಿಸಿದ. ಹೆಬ್ಬೆರಳು ಸುಟ್ಟಿದ್ದು ಆಮೇಲೆ, ಬಿಸಿ ಪ್ಲೇಟ್ ಅಂತ ಗೊತ್ತಿದ್ದೂ ಮುಟ್ಟಿದ್ದಕ್ಕ.

ದೊಡ್ಡವ್ವ ಕಾಲು ಚಾಚಿಕೊಂಡು ಕಟ್ಟೆ ಮೇಲೆ ಕೂತು ಎಲ್ಲ ನೋಡ್ತಿದ್ದಳು. ಎರಡನೇ ದಿನ ಕೇಳಿದಳು, "ಇಷ್ಟು ಹೆಂಗ ಕೊಳೀತೋ ತಮ್ಮ ಅದು?" ಗೊಬ್ಬರದ ಚೀಲ ಒಡೆದು ಚೆಲ್ತದ, ಮ್ಯಾಟ್ ಕೆಳಗ ಇಳೀತದ, ಅದು ಗಾಳಿಯ ಪಸೆಯನ್ನೂ ಎಳ್ಕೋತದ, ಪೊಟ್ಯಾಷ್ ಅಂತೂ ಉಪ್ಪಿನ ಜಾತಿಯದೇ ಅಂತ ಹೇಳಿದೆ. ಆಕೆ "ಉಪ್ಪು ಅನ್ನು ಮತ್ತ" ಅಂದಳು. "ನಿಮ್ಮಜ್ಜ ತೊಗಲಿಗೆ ಉಪ್ಪು ಹಚ್ಚಿದ ದಿನ ರಂಪಿಗೆ ತೊಳೆದು, ಒರೆಸಿ, ಎಣ್ಣಿ ಸವರದೆ ಉಣ್ಣಾಕ ಕೂಡ್ತಿರಲಿಲ್ಲ. ಉಪ್ಪು ಕಂಡ ಕಬ್ಬಿಣ ರಾತ್ರಿ ಹಸಿ ಇರಬಾರದು ಅಂತಿದ್ದ."

ಅಂದರ ಆ ಗ್ಯಾರೇಜಿನವನ ಪ್ರಶ್ನೆಯಲ್ಲಿ ಅರ್ಧ ಸರಿ ಇತ್ತು. ಉಪ್ಪಿನ ತೊಗಲು ಹೇರಿದ ಗಾಡಿಯೂ ಹಿಂಗೇ ಕೊಳೀತದ, ಅವನು ಅಂಥವು ನೋಡಿರಬೇಕು. ಇನ್ನರ್ಧಕ್ಕ, ಆ ನಗುವಿಗೆ, ನಾನು ಮಾಫಿ ಮಾಡಿಲ್ಲ, ಮಾಡೋದೂ ಇಲ್ಲ. ಅಜ್ಜನ ಕೆಲಸ ಬಿಟ್ಟಿದ್ದಕ್ಕೂ ನನಗ ಒಂದು ಚೂರೂ ಬ್ಯಾಸರ ಇಲ್ಲ, ಆ ನಾತ, ಆ ಬಿಟ್ಟಿ ಚಾಕರಿ ಯಾವ ಮಗನಿಗೂ ಬ್ಯಾಡ. ಆದರ ತೊಗಲಿನ ಮಾತೇ ಮನೆಯಲ್ಲಿ ಆಡಬಾರದು ಅಂತ ಅಪ್ಪ ಮಾಡಿದ್ದ, ನಾನೂ ಹಂಗೇ ಮಾಡಿದೆ. ಅದರ ಜೊತೆಗೇ ಈ ಎಣ್ಣಿ ಸವರೋ ಮಾತೂ ಹೋಗಿಬಿಟ್ಟಿತ್ತು. ದೊಡ್ಡವ್ವನಿಗೆ ಗೊತ್ತಿತ್ತು. ನಾಲ್ಕು ವರ್ಷ ಆಕಿ ದಿನಾ ಆ ಗಾಡಿ ಹತ್ತಿದಳು, ನಾವು ಒಮ್ಮೆಯೂ ಕೇಳಲಿಲ್ಲ.

ಒಟ್ಟು ಖರ್ಚು 17 ಸಾವಿರದ ಹತ್ತಿರ ಬಂತು. ಅಳಿಯನ ಮೂರು ದಿನದ ಕೂಲಿ ಇದರಲ್ಲೇ ಸೇರಿದೆ, ಮನೆ ಹುಡುಗ ಅಂತ ಪುಕ್ಕಟೆ ಮಾಡಿಸಿಕೊಳ್ಳಲಿಲ್ಲ. ಹೊಸ ಮ್ಯಾಟ್ ಹಾಕಬೇಕೋ ಬ್ಯಾಡೋ ಅಂತ ದೊಡ್ಡ ಚರ್ಚೆ ಆಯ್ತು. ಬರೀ ಪ್ಲೇಟ್ ಮೇಲೆ ಕೂತರ ಹೆಣ್ಣುಮಕ್ಕಳಿಗೆ ಬಿಸಿಲಿನಲ್ಲಿ ಸುಡ್ತದ. ಹಾಕಿದೆವು, ಆದರ ಅಂಟಿಸಿಲ್ಲ. ತಗ್ಗಿನ ನಾಲ್ಕು ಕಡೆ ನೀರು ಇಳಿಯಲಿಕ್ಕೆ ತೂತು ಕೊರೆದು, ತೂತಿನ ಬಾಯಿಗೂ ರೆಡ್ ಆಕ್ಸೈಡ್ ಹಚ್ಚಿದ್ದೀವಿ. ಗೊಬ್ಬರ ಹೇರಿದ ದಿನ ಸಂಜೆ ಮ್ಯಾಟ್ ಎತ್ತಿ ನೀರು ಹೊಡೀಬೇಕು ಅಂತ ತಮ್ಮನಿಗೆ ದೊಡ್ಡವ್ವನೇ ತಾಕೀತು ಮಾಡಿದ್ದಾಳ.

ಮೊನ್ನೆ ಆಕಿ ಮತ್ತ ಕೂಲಿಗೆ ಹೊಂಟಳು. ಹತ್ತೋ ಮೊದಲು ಕೈಯಾಗಿನ ಕೋಲಿನಿಂದ ಮ್ಯಾಟ್ ಸರಿಸಿ ಮೂಲಿ ಮೂಲಿ ಕುಟ್ಟಿ ನೋಡಿದಳು. ಗಾಡಿ ತುಂಬ ನಿಂತ ಹೆಣ್ಣುಮಕ್ಕಳು ಆಕಿ ಮುಗಿಸೋ ತನಕ ಕಾದರು.

ಯೋಜನೆಯಲ್ಲಿ ಗಾಡಿ ತಗೊಂಡ ನಮ್ಮ ಹುಡುಗರು ಇದನ್ನ ಓದ್ತಿದ್ದರ ಇವತ್ತೇ ಮ್ಯಾಟ್ ಎತ್ತಿ ನೋಡ್ರಿ. ಔರಾದ್, ಸಂತಪುರ, ಭಾಲ್ಕಿ ಕಡೆಯವರಿಗೆ ಗ್ರೈಂಡರ್ ಬೇಕಾದರ ಮೆಸೇಜ್ ಮಾಡ್ರಿ, ಕನ್ನಡಕ ಸಮೇತ ಕೊಡ್ತೀವಿ. ವೆಲ್ಡಿಂಗ್ ಮಾಡಲಿಕ್ಕೆ ಅಳಿಯ ಬರ್ತಾನ, ಅವನ ಕೂಲಿ ಅವನ ಕೈಗೇ ಕೊಡಬೇಕು.