ಬೆಂಕಿಯ ನೆಲದ ಸಿಹಿ ಫಲ

ಫಿಲಿಪ್ಪೀನ್ಸ್ ದೇಶದ ಮಿಂಡನಾವೊ ತೀರಕ್ಕೆ ಉತ್ತರದಲ್ಲಿರುವ ಕಮಿಗಿನ್, ಹೊರನಾಡಿನ ಪ್ರವಾಸಿಗರು ಅಷ್ಟಾಗಿ ಅರಿಯದ ಪುಟ್ಟ ದ್ವೀಪಪ್ರಾಂತ. ಜ್ವಾಲಾಮುಖಿಗಳೇ ಇದರ ಜನ್ಮದಾತರು. 1871ರಲ್ಲಿ ಅಗ್ನಿ ಸ್ಫೋಟಿಸಿದಾಗ ಇಲ್ಲಿನ ಒಂದು ಊರಿನ ರುದ್ರಭೂಮಿ ಕಡಲಿನಲ್ಲಿ ಮುಳುಗಿತು. ನೀರಿನ ನಡುವೆ ನಿಲ್ಲಿಸಿರುವ ದೊಡ್ಡ ಶಿಲುಬೆಯೇ ಇಂದು ಅದರ ಗುರುತು. 1951ರಲ್ಲಿ ಹಿಬೊಕ್-ಹಿಬೊಕ್ ಪರ್ವತವು ಉರಿಯುಗುಳಿ ನೂರಾರು ಜನರ ಪ್ರಾಣವನ್ನು ತೆಗೆದುಕೊಂಡಿತು. ಅನೇಕರು ದ್ವೀಪವನ್ನೇ ತೊರೆದರು. ಉಳಿದವರು ಅದೇ ಮಣ್ಣನ್ನು ನಂಬಿ ದುಡಿದರು.

ಆ ಮಣ್ಣಿನಲ್ಲಿಯೇ ಇಂದು ಲಾನ್ಸೋನೆಸ್ ಹಣ್ಣು ಗೊಂಚಲುಗೊಂಚಲಾಗಿ ತೂಗುತ್ತದೆ; ಅಕ್ಟೋಬರಿನಲ್ಲಿ ಅದಕ್ಕೊಂದು ಹಬ್ಬವೇ ಉಂಟು. ಸುಮಾರು 70 ಮೀಟರ್ ಎತ್ತರದಿಂದ ಧುಮುಕುವ ಕಟಿಬವಾಸನ್ ಜಲಪಾತದ ಬಳಿ, ಮರಗೆಣಸಿನ ಹಪ್ಪಳವಾದ ‘ಕಿಪಿಂಗ್’ಗೆ ತೆಂಗಿನಹಾಲಿನ ಸಿಹಿಪಾಕವನ್ನು ಸವರಿ ಕೊಡುತ್ತಾರೆ. ನಮ್ಮ ನಾಲಗೆಗೂ ಅದು ಪರಕೀಯವೆನಿಸದು. ಒಮ್ಮೆ ಮುನಿದ ನೆಲವೇ ಮತ್ತೆ ಮಕ್ಕಳಿಗೆ ಉಣಬಡಿಸುತ್ತಿರುವುದನ್ನು ಇಲ್ಲಿ ಕಾಣಬಹುದು.